ಒಂಬತ್ತು ಮಕ್ಕಳು, ಒಂದು ನೀಲಿ ರಿಜಿಸ್ಟರ್: ಶಾಲೆಯಲ್ಲಿ ಸಮನ್ವಯ ಶಿಕ್ಷಣದ ಕೆಲಸವನ್ನು ಹೊಂದಿಸುವುದು ಹೇಗೆ?

ಪ್ರಶ್ನೆ: ಸಹಶಿಕ್ಷಕಿ, ಸವಣೂರು ತಾಲ್ಲೂಕು

ಎಲ್ಲ ಗುರುವೃಂದಕ್ಕೆ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಈ ಜೂನ್‌ನಲ್ಲಿ ಕೆಲಸ ಹಂಚುವಾಗ ಮುಖ್ಯ ಶಿಕ್ಷಕರು ಸಮನ್ವಯ ಶಿಕ್ಷಣದ, ಅಂದರೆ ಎಲ್ಲರ ಜೊತೆಯಲ್ಲೇ ಕಲಿಯುವ ವಿಶೇಷ ಅಗತ್ಯವುಳ್ಳ ಮಕ್ಕಳ, ಹೊಣೆಯನ್ನು ನನಗೆ ವಹಿಸಿದರು. ಅಂದು ನನ್ನ ಕೈಗೆ ಬಂದದ್ದು ಒಂದು ನೀಲಿ ರಿಜಿಸ್ಟರ್. ಅದರಲ್ಲಿ ಒಂಬತ್ತು ಹೆಸರುಗಳಿದ್ದು, ಪ್ರತಿ ಹೆಸರಿನ ಮುಂದೆ ನ್ಯೂನತೆಯ ಬಗೆ ಮತ್ತು ಶೇಕಡಾ ಪ್ರಮಾಣ ಬರೆದಿದೆ. ಆ ಮಗುವಿಗಾಗಿ ಇದುವರೆಗೆ ಏನು ಮಾಡಲಾಗಿದೆ, ಯಾರು ಮಾಡಿದ್ದಾರೆ, ಮುಂದೆ ಏನಾಗಬೇಕು ಎಂಬುದನ್ನು ಬರೆಯಲು ಅದರಲ್ಲಿ ಅಂಕಣವೇ ಇಲ್ಲ.

ನನ್ನ ತೊಡಕು ಏನೆಂದು ತಿಳಿಯಲು ಎರಡು ಮಕ್ಕಳ ಸ್ಥಿತಿಯನ್ನು ಹೇಳುತ್ತೇನೆ. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಎರಡು ವರ್ಷದ ಹಿಂದೆ ಶಿಬಿರದಲ್ಲಿ ಶ್ರವಣ ಸಾಧನ ಕೊಟ್ಟಿದ್ದಾರೆ. ಅದು ಪೆಟ್ಟಿಗೆ ಸಮೇತ ನಮ್ಮ ಕಚೇರಿಯ ಕಪಾಟಿನಲ್ಲಿದೆ. ಕೇಳಿದರೆ "ಕಿವ್ಯಾಗ ಸೀಟಿ ಹೊಡಿತೈತ್ರೀ ಅಕ್ಕಾರ" ಎನ್ನುತ್ತಾಳೆ. ಕಳೆದ ಜುಲೈನಲ್ಲಿ ಒಂದೇ ದಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರೂ ಆರೋಗ್ಯ ತಪಾಸಣೆಯ ತಂಡದವರೂ ಬಂದು, ಒಬ್ಬರಾದ ಮೇಲೆ ಒಬ್ಬರು ಇದೇ ಹುಡುಗಿಯನ್ನು ಕರೆದು ಕೂರಿಸಿಕೊಂಡರು. ಅಂದು ಅವಳಿಗೆ ಗಣಿತದ ಕಿರು ಪರೀಕ್ಷೆ ಇತ್ತು, ಅದು ತಪ್ಪಿತು. ಸಾಧನ ಮಾತ್ರ ಕಪಾಟಿನಲ್ಲೇ ಉಳಿಯಿತು.

ಇನ್ನೊಬ್ಬ ಐದನೆಯ ತರಗತಿಯ ಹುಡುಗ. ಅವನ ಹೆಸರು ರಿಜಿಸ್ಟರಿನಲ್ಲಿ ಇಲ್ಲ. ತಂದೆಯೊಂದಿಗೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವಾಗ ಒಂದೂಮುಕ್ಕಾಲು ಕಿಲೋ ದರವನ್ನು ಬಾಯಲ್ಲೇ ಲೆಕ್ಕ ಹಾಕಿ ಹೇಳುವ ಈ ಹುಡುಗ, ಪುಸ್ತಕದಲ್ಲಿ ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡುತ್ತಾನೆ. ಅವನನ್ನು ಇದುವರೆಗೆ ಯಾರೂ ಯಾವ ತಪಾಸಣೆಗೂ ಕರೆದಿಲ್ಲ, ಏಕೆಂದರೆ ಅವನು ನೋಡಲು 'ಸರಿಯಾಗಿದ್ದಾನೆ'.

ನನ್ನ ಪ್ರಶ್ನೆಗಳು ಹೀಗಿವೆ. ಬೇರೆಬೇರೆ ಇಲಾಖೆಗಳಿಂದ ಬರುವ ಇವರೆಲ್ಲರ ಕೆಲಸವನ್ನು ಒಂದು ಎಳೆಗೆ ತರುವ ಅಧಿಕಾರ ಒಬ್ಬ ಸಹಶಿಕ್ಷಕಿಗೆ ಇದೆಯೇ? ವೈದ್ಯರಿಂದ ಅಂಗವೈಕಲ್ಯದ ಪ್ರಮಾಣಪತ್ರ ಬರುವವರೆಗೆ ಮಗುವಿಗೆ ಪ್ರತ್ಯೇಕ ನೆರವು ಕೊಡಲು ಸಾಧ್ಯವಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ, ಅದು ಸರಿಯೇ? ಮತ್ತು ಆ ಹುಡುಗನ ತಂದೆ ತಾಯಿಯೊಂದಿಗೆ ಈ ಮಾತನ್ನು ಹೇಗೆ ತೆಗೆಯಬೇಕು?

ಉತ್ತರ 1: ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕ, ರಾಣೇಬೆನ್ನೂರು ತಾಲ್ಲೂಕು

ಮೇಡಮ್ ಅವರೇ, ನೀವು ಹೇಳಿದ 'ಬಂದು ಕರೆದು ಕೂರಿಸಿಕೊಳ್ಳುವ' ಜನರಲ್ಲಿ ನಾನೂ ಒಬ್ಬ. ಆದ್ದರಿಂದ ಮೊದಲು ನಮ್ಮ ಕಡೆಯ ಪರಿಸ್ಥಿತಿಯನ್ನು ಹೇಳಿಬಿಡುತ್ತೇನೆ. ನಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಡೀ ತಾಲ್ಲೂಕಿಗೆ ನಾವು ಇಬ್ಬರು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಆ ದಿನ ಬರುವವರೆಗೆ ನಾವು ಬಸ್ಸಿನಿಂದ ಬಸ್ಸಿಗೆ ಓಡಾಡುವವರೇ. ಹೀಗಾಗಿ ನಾವು ಬರುವ ಹೊತ್ತಿಗೆ ಶಾಲೆಯಲ್ಲಿ ಏನು ಸಿದ್ಧವಾಗಿರುತ್ತದೆ ಎಂಬುದರ ಮೇಲೆಯೇ ನಮ್ಮ ಭೇಟಿಯ ಫಲ ನಿಂತಿದೆ.

ಪ್ರಮಾಣಪತ್ರದ ಮಾತು ಮೊದಲು. ನಿಮ್ಮ ಸಹೋದ್ಯೋಗಿಗಳು ಹೇಳಿದ್ದು ಸರಿಯಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 16ನೇ ಕಲಂ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸುವುದನ್ನೂ, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದನ್ನೂ ಶಾಲೆಯ ಕರ್ತವ್ಯವೆಂದೇ ಹೇಳುತ್ತದೆ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲು, ದೊಡ್ಡ ಅಕ್ಷರದಲ್ಲಿ ಬರೆದುಕೊಡಲು, ಲಿಖಿತದ ಬದಲು ಬಾಯಿಮಾತಿನಲ್ಲಿ ಉತ್ತರ ಕೇಳಲು ಯಾವ ವೈದ್ಯರ ಸಹಿಯೂ ಬೇಕಿಲ್ಲ. ಪ್ರಮಾಣಪತ್ರ ಬೇಕಾಗುವುದು ಬೇರೆ ಬಾಬತ್ತುಗಳಿಗೆ: ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡು, ಬಸ್ ಪಾಸು, ವಿದ್ಯಾರ್ಥಿವೇತನ, ಹತ್ತನೆಯ ತರಗತಿಯ ಪರೀಕ್ಷಾ ರಿಯಾಯಿತಿ. ನ್ಯೂನತೆ ಕನಿಷ್ಠ 40 ಪ್ರತಿಶತ ಇರಬೇಕೆಂಬ ಲೆಕ್ಕ ಬರುವುದೂ ಹೆಚ್ಚಾಗಿ ಅಲ್ಲಿಯೇ. ಈ ಎರಡನ್ನೂ ಕಲಸಿದ್ದರಿಂದಲೇ ಎಷ್ಟೋ ಮಕ್ಕಳು ಶಿಬಿರದ ದಾರಿ ಕಾಯುತ್ತ ಎರಡು ವರ್ಷ ಕಳೆದುಕೊಳ್ಳುತ್ತಾರೆ.

ಇನ್ನು ಕಪಾಟಿನಲ್ಲಿರುವ ಶ್ರವಣ ಸಾಧನ. ಆ ಸೀಟಿ ಸದ್ದೇ ನಿಮಗೆ ಉತ್ತರ ಹೇಳುತ್ತಿದೆ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾದಾಗ, ಸಾಧನದಿಂದ ಹೊರಟ ದನಿ ಅಂಚಿನಿಂದ ಹೊರಗೆ ಸೋರಿ ಅದರದೇ ಮೈಕಿಗೆ ಮರಳಿ ಸೇರಿ 'ಕುಂಯ್' ಎನ್ನುತ್ತದೆ. ಎರಡು ವರ್ಷದಲ್ಲಿ ಮಗು ಬೆಳೆದಿದೆ, ಕಿವಿಯೂ ಬೆಳೆದಿದೆ, ಅಚ್ಚು ಹಳೆಯದೇ ಉಳಿದಿದೆ. ಅಚ್ಚೊಂದನ್ನು ಬದಲಿಸಿದರೆ ಅದೇ ಸಾಧನ ಮತ್ತೆ ಕೆಲಸಕ್ಕೆ ಬರಬಹುದು, ಹೊಸ ಸಾಧನಕ್ಕೆ ಅರ್ಜಿ ಬರೆಯುವ ಮೊದಲು ಇದನ್ನು ನೋಡಿಸಿ. ನೋಡಿಸುವ ಮುನ್ನ ನೀವೇ ಮೂರು ಸಂಗತಿ ಪರೀಕ್ಷಿಸಬಹುದು. ಅಚ್ಚಿನ ರಂಧ್ರದಲ್ಲಿ ಕಿವಿಯ ಗುಗ್ಗೆ ಕಟ್ಟಿದೆಯೇ, ಪ್ಲಾಸ್ಟಿಕ್ ಕೊಳವೆ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ, ಬ್ಯಾಟರಿಯಲ್ಲಿ ಜೀವ ಇದೆಯೇ. ಗುಂಡಿಯಾಕಾರದ ಜಿಂಕ್ ಬ್ಯಾಟರಿಯ ಮೇಲಿನ ಬಣ್ಣದ ಪಟ್ಟಿಯನ್ನು ತೆಗೆದರೆ ಗಾಳಿ ಸೇರಿ, ಬಳಸಿದರೂ ಬಳಸದಿದ್ದರೂ ಅದು ಖರ್ಚಾಗತೊಡಗುತ್ತದೆ. ಒಂದು ಶಾಲೆಯಲ್ಲಿ 'ನೋಡೋಣ' ಎಂದು ಆರೂ ಬ್ಯಾಟರಿಗಳ ಪಟ್ಟಿಯನ್ನು ಒಟ್ಟಿಗೆ ಕಿತ್ತು ಇಟ್ಟಿದ್ದರು!

ಹೊಂದಾಣಿಕೆಗೆ ನಾನು ಕೇಳುವುದು ಎರಡೇ. ನಿಮ್ಮ ಕ್ಲಸ್ಟರಿಗೆ ಭೇಟಿಯ ದಿನವನ್ನು ತಿಂಗಳ ಮೊದಲ ವಾರದಲ್ಲೇ ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಗೊತ್ತುಮಾಡಿಕೊಳ್ಳಿ. ನಾವು ಬರುವ ಮೊದಲು ಪ್ರತಿ ಮಗುವಿನ ಕುರಿತು ಒಂದೇ ಪುಟ ಬರೆದಿಡಿ. ಹನ್ನೆರಡು ಪುಟಗಳ ವೈಯಕ್ತಿಕ ಶಿಕ್ಷಣ ಯೋಜನೆ ಕಡತಕ್ಕೆ ಬೇಕಾದೀತು, ಆದರೆ ಅದನ್ನು ಯಾರೂ ಎರಡನೆಯ ಸಲ ತೆರೆಯುವುದನ್ನು ನಾನು ಕಂಡಿಲ್ಲ. ಆ ಒಂದು ಪುಟದಲ್ಲಿ ಮಗು ಈಗ ಏನು ಮಾಡಬಲ್ಲದು, ಎಲ್ಲಿ ನಿಲ್ಲುತ್ತದೆ, ಮುಂದಿನ ನಾಲ್ಕು ವಾರ ಯಾರು ಏನು ಮಾಡುತ್ತಾರೆ ಎಂಬಷ್ಟು ಇರಲಿ. 'ಓದಲು ಬರುವುದಿಲ್ಲ' ಎಂದು ಬರೆದರೆ ನನಗೆ ಏನೂ ತಿಳಿಯದು. 'ಕಾಗುಣಿತ ಓದುತ್ತಾನೆ, ಒತ್ತಕ್ಷರದಲ್ಲಿ ನಿಲ್ಲುತ್ತಾನೆ, ಕೇಳಿದ ಕತೆಯನ್ನು ಕ್ರಮ ತಪ್ಪದೆ ಹೇಳುತ್ತಾನೆ' ಎಂದರೆ ನಾನು ಬರುವಾಗಲೇ ತಕ್ಕ ಕಲಿಕೋಪಕರಣ ತರಬಲ್ಲೆ.

ಆ ಹುಡುಗನಿಗೆ ಎನ್‌ಸಿಇಆರ್‌ಟಿಯ 'ಪ್ರಶಸ್ತ್' ಆ್ಯಪ್‌ನಲ್ಲಿರುವ ತಪಾಸಣಾ ಪಟ್ಟಿಯ ಮೊದಲ ಭಾಗವನ್ನು ತುಂಬಿ. ಅದು ತರಗತಿ ಶಿಕ್ಷಕರೇ ತುಂಬಬೇಕಾದದ್ದು. ಅದರಿಂದ ಬರುವುದು ಸುಳಿವು ಮಾತ್ರ, ರೋಗನಿರ್ಣಯವಲ್ಲ. ಅದನ್ನು ಹಿಡಿದುಕೊಂಡು ಪೋಷಕರ ಮುಂದೆ 'ನಿಮ್ಮ ಮಗನಿಗೆ ಇಂಥದ್ದಿದೆ' ಎಂದು ದಯವಿಟ್ಟು ಹೇಳಬೇಡಿ.

ಉತ್ತರ 2: ನಿವೃತ್ತ ಮುಖ್ಯ ಶಿಕ್ಷಕ, ಗದಗ

ಸಂಪನ್ಮೂಲ ಶಿಕ್ಷಕರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆದರೆ ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಅಧಿಕಾರದ ಪ್ರಶ್ನೆಗೆ, ಅವರು ಉತ್ತರಿಸಿಲ್ಲ. ಸಹಶಿಕ್ಷಕಿಗೆ ಹೊಣೆ ಕೊಟ್ಟು ಅಧಿಕಾರವನ್ನು ತಾವೇ ಇಟ್ಟುಕೊಳ್ಳುವುದು ನಮ್ಮ ಮುಖ್ಯ ಶಿಕ್ಷಕರ ಹಳೆಯ ಚಾಳಿ, ನಾನೂ ಹಾಗೆ ಮಾಡಿದ್ದೇನೆ. ನೀವು ಕೇಳಿಕೊಳ್ಳಬೇಕಾದದ್ದು ಲಿಖಿತ ಆದೇಶವನ್ನು. ಶಾಲಾ ಆದೇಶ ಪುಸ್ತಕದಲ್ಲಿ ನಿಮ್ಮ ಹೆಸರು, ವಾರಕ್ಕೆ ಎರಡು ಅವಧಿ ಬಿಡುವು, ಮತ್ತು 'ಹೊರಗಿನಿಂದ ಬರುವ ಯಾವುದೇ ತಂಡ ಮಗುವನ್ನು ಭೇಟಿಯಾಗುವ ಮೊದಲು ಇವರನ್ನು ಕಾಣಬೇಕು' ಎಂಬ ಒಂದು ಸಾಲು. ಆ ಸಾಲು ಇದ್ದಿದ್ದರೆ ನಿಮ್ಮ ಹುಡುಗಿಯ ಗಣಿತ ಪರೀಕ್ಷೆ ತಪ್ಪುತ್ತಿರಲಿಲ್ಲ. ನೀವು ಹೇಳಿದ ಆರೋಗ್ಯ ತಪಾಸಣೆಯವರು, ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ, ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಅವರ ತಾಲ್ಲೂಕು ವೇಳಾಪಟ್ಟಿಯನ್ನು ಮೊದಲೇ ಕೇಳಿ ಪಡೆದು ಗೋಡೆಗೆ ಅಂಟಿಸುವುದು ಕಷ್ಟದ ಕೆಲಸವಲ್ಲ.

ವೇಳಾಪಟ್ಟಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಶಾಲೆಯಲ್ಲಿ ಮಕ್ಕಳನ್ನು ಪ್ರತ್ಯೇಕ ಬೋಧನೆಗೆ ಕರೆಯುವಾಗ ಯಾವಾಗಲೂ ಚಿತ್ರಕಲೆ ಅಥವಾ ದೈಹಿಕ ಶಿಕ್ಷಣದ ಅವಧಿಯಲ್ಲೇ ಕರೆಯುತ್ತಿದ್ದೆವು, ಏಕೆಂದರೆ 'ಪಾಠ ತಪ್ಪುವುದಿಲ್ಲ'. ಮಂದ ದೃಷ್ಟಿಯ ಹುಡುಗನೊಬ್ಬ ಎರಡು ತಿಂಗಳಾದ ಮೇಲೆ ಬರುವುದನ್ನೇ ಬಿಟ್ಟ. ವಿಚಾರಿಸಿದಾಗ, ಇಡೀ ವಾರದಲ್ಲಿ ಅವನು ಎಲ್ಲರ ಸಮನಾಗಿ ನಿಲ್ಲುತ್ತಿದ್ದದ್ದು ಖೊಖೊ ಆಟದಲ್ಲಿ ಮಾತ್ರ ಎಂದು ತಿಳಿಯಿತು. ನಾವು ಅದನ್ನೇ ಕಿತ್ತುಕೊಂಡಿದ್ದೆವು. ಆಮೇಲೆ, ಅವನು ಕೂತರೂ ಹಲಗೆ ಕಾಣದ ಅವಧಿಯನ್ನೇ ಆರಿಸಿಕೊಂಡು, ಆ ಪಾಠವನ್ನೇ ಅವನಿಗೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟು ಕಲಿಸಿದೆವು.

ಈ ಹುಡುಗನ ವಿಷಯ ಬಂದಾಗ ಊರಿನವರು ಹೇಳುತ್ತಿದ್ದದ್ದು ಒಂದೇ: 'ಪುಣ್ಯಾಶ್ರಮಕ್ಕೆ ಬಿಡ್ರಿ'. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಮನೆಯಿಲ್ಲ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತದ ಮೂಲಕ ಕೊಟ್ಟ ಬದುಕಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಕಣ್ಣು ಮಂದವಾದ ಪ್ರತಿ ಮಗುವಿಗೂ ಸಂಗೀತವೇ ದಾರಿಯಾಗಬೇಕಿಲ್ಲ, ಮನೆಯ ಹತ್ತಿರದ ಶಾಲೆಯಲ್ಲೇ ಓದುವ ಹಕ್ಕು ಅದಕ್ಕಿದೆ. 40 ಪ್ರತಿಶತ ಅಥವಾ ಹೆಚ್ಚಿನ ನ್ಯೂನತೆಯುಳ್ಳ ಮಗು 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದೆಂದು ಅದೇ 2016ರ ಕಾಯ್ದೆ ಹೇಳುತ್ತದೆ. ಆಯ್ಕೆ ಮನೆಯವರದು, ಅದನ್ನು ಊರು ಮಾಡಬಾರದು.

ನಿಮ್ಮ ಐದನೆಯ ತರಗತಿಯ ಹುಡುಗ ಇದುವರೆಗೆ ಯಾರ ಕಣ್ಣಿಗೂ ಬೀಳದಿರಲು ಒಂದು ಕಾರಣವಿದೆ. ಮೂರನೆಯ ತರಗತಿಯವರೆಗೆ ನಲಿಕಲಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ತಾನು ಕಾರ್ಡು ಹಿಡಿದು ಕಲಿಯುತ್ತದೆ. ಹಿಂದೆ ಉಳಿದದ್ದು ಎದ್ದು ಕಾಣುವುದಿಲ್ಲ, ಅವಮಾನವೂ ಆಗುವುದಿಲ್ಲ. ನಾಲ್ಕಕ್ಕೆ ಬಂದೊಡನೆ ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಪಾಠ. ಅಲ್ಲಿ ಮಗು ಸುಮ್ಮನಾಗಿಬಿಡುತ್ತದೆ, ಸುಮ್ಮನಿರುವ ಮಗುವನ್ನು ನಾವು ಒಳ್ಳೆಯ ಮಗು ಎನ್ನುತ್ತೇವೆ. ಸಾಧ್ಯವಾದರೆ ಅವನ ಮೂರನೆಯ ತರಗತಿಯ ಪ್ರಗತಿ ನೋಟವನ್ನು ಹುಡುಕಿ, ಯಾವ ಮೆಟ್ಟಿಲಲ್ಲಿ ನಿಂತಿದ್ದನೆಂದು ನೋಡಿ.

ಒಂದು ವಿಷಯದಲ್ಲಿ ಮಾತ್ರ ಸಂಪನ್ಮೂಲ ಶಿಕ್ಷಕರಿಗೆ ಸೇರಿಸಿ ಹೇಳುತ್ತೇನೆ. ಆ ಒಂದು ಪುಟ ಶಾಲೆಯಲ್ಲಿ ಮಾತ್ರ ಇದ್ದರೆ ಸಾಲದು. ಮಗು ಪ್ರೌಢಶಾಲೆಗೆ ಹೋಗುವಾಗ ವರ್ಗಾವಣೆ ಪತ್ರ ಹೋಗುತ್ತದೆ, ಅಂಕಪಟ್ಟಿ ಹೋಗುತ್ತದೆ, ಈ ಪುಟ ಮಾತ್ರ ಹಳೆಯ ಕಪಾಟಿನಲ್ಲಿ ಉಳಿಯುತ್ತದೆ. ಹೊಸ ಶಾಲೆ ಮತ್ತೆ ಮೊದಲಿಂದ ಶುರು ಮಾಡುತ್ತದೆ. ಒಂದು ಪ್ರತಿ ಪೋಷಕರ ಕೈಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಇರಲಿ.

ಉತ್ತರ 3: ತಾಯಿ, ಹುಬ್ಬಳ್ಳಿ

ಶಿಕ್ಷಕರ ನಡುವೆ ಮಾತನಾಡುವುದಕ್ಕೆ ಕ್ಷಮೆಯಿರಲಿ. ನನ್ನ ಮಗಳು ಈಗ ಎಂಟನೆಯ ತರಗತಿ. ಪೋಷಕರಿಗೆ ಹೇಗೆ ಹೇಳಬೇಕೆಂದು ಮೇಡಮ್ ಕೇಳಿದ್ದಾರೆ, ನಮಗೆ ಹೇಗೆ ಹೇಳಿದರು ಎಂಬುದನ್ನು ತಿಳಿಸುತ್ತೇನೆ. ಅಂದಿನ ಶಾಲೆಯಲ್ಲಿ, ಪೋಷಕರ ಸಭೆಯ ದಿನ, ಬೇರೆ ಹತ್ತು ಮಂದಿ ಸಾಲಿನಲ್ಲಿ ನಿಂತಿರುವಾಗ, ಒಬ್ಬ ಶಿಕ್ಷಕರು "ಇವಳನ್ನ ಒಮ್ಮೆ ಧಾರವಾಡಕ್ಕ ತೋರಿಸ್ರಿ" ಎಂದರು. ನಮ್ಮ ಕಡೆ ಆ ಮಾತಿಗೆ ಹುಚ್ಚಾಸ್ಪತ್ರೆಗೆ ತೋರಿಸಿ ಎಂದೇ ಅರ್ಥ. ನನ್ನ ಯಜಮಾನರು ಅಂದಿನಿಂದ ಒಂದು ವರ್ಷ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಕೊನೆಗೆ ಹೋದದ್ದು ಅಲ್ಲಿಗೇ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ. ಮನಃಶಾಸ್ತ್ರಜ್ಞರು ಮಗಳೊಂದಿಗೆ ನೆಲದ ಮೇಲೆ ಕೂತು ಮರದ ತುಂಡುಗಳನ್ನು ಜೋಡಿಸುವ ಆಟ ಆಡಿಸಿದರು, ಓದಿಸಿದರು, ಬರೆಸಿದರು, ಚಹಾದ ಹೊತ್ತಿಗೆ ಹೊರಗೆ ಕಳಿಸಿ ಮತ್ತೆ ಕರೆದರು. ಅದು ಪರೀಕ್ಷೆಯೆಂದು ಅವಳಿಗೆ ಅನಿಸಲೇ ಇಲ್ಲ. ಇಷ್ಟೇ ಎಂದು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ನಾವು ಆ ವರ್ಷವನ್ನು ಕಳೆಯುತ್ತಿರಲಿಲ್ಲ. ಆದ್ದರಿಂದ ಊರಿನ ಹೆಸರು ಹೇಳಬೇಡಿ, ಅಲ್ಲಿ ಏನು ಮಾಡುತ್ತಾರೆಂದು ಹೇಳಿ.

ಮೊದಲು ಮಗುವಿಗೆ ಬರುವುದನ್ನು ಹೇಳಿ. ಮೆಣಸಿನಕಾಯಿ ಲೆಕ್ಕದ ಮಾತನ್ನೇ ಆ ತಂದೆಯ ಮುಂದೆ ತೆಗೆಯಿರಿ, ಅವರ ಮುಖ ಅರಳುತ್ತದೆ. ಆಮೇಲೆ 'ಲೆಕ್ಕದಲ್ಲಿ ಇಷ್ಟು ಚುರುಕಾದ ಹುಡುಗ ಓದುವಾಗ ಯಾಕೆ ನಿಲ್ಲುತ್ತಾನೆಂದು ನನಗೂ ತಿಳಿಯಬೇಕಿದೆ' ಎನ್ನಿ. ಸಾಧ್ಯವಾದರೆ ಸಂತೆಯ ದಿನವೇ ಕರೆಯಿರಿ, ಹೇಗೂ ಅವರು ಊರೊಳಗೆ ಬಂದಿರುತ್ತಾರೆ, ಒಂದು ದಿನದ ಕೂಲಿ ಹೋಗುವುದಿಲ್ಲ.

ಇನ್ನೊಂದು ಕೋರಿಕೆ. ಮಗಳು ಹುಟ್ಟಿದಾಗ ಅತ್ತಳೋ ಇಲ್ಲವೋ, ಯಾವ ತಿಂಗಳಲ್ಲಿ ನಡೆದಳು, ಜ್ವರ ಬಂದಿತ್ತೇ ಎಂಬುದನ್ನು ನಾನು ನಾಲ್ಕು ಕಡೆ ನಾಲ್ಕು ಸಲ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ತಪ್ಪು ನನ್ನದೇ ಎನಿಸುತ್ತದೆ. ಹಿರಿಯ ಗುರುಗಳು ಹೇಳಿದ ಆ ಪ್ಲಾಸ್ಟಿಕ್ ಹೊದಿಕೆಯ ಪುಟದ ಹಿಂಬದಿಯಲ್ಲಿ ಇವನ್ನೆಲ್ಲ ಒಮ್ಮೆ ಬರೆದುಕೊಟ್ಟರೆ ತಾಯಂದಿರಿಗೆ ದೊಡ್ಡ ಉಪಕಾರ.

ಉತ್ತರ 4: ಪ್ರೌಢಶಾಲಾ ಶಿಕ್ಷಕ, ಕುಂದಗೋಳ ತಾಲ್ಲೂಕು

ಚುಟುಕಾಗಿ ಬರೆಯುತ್ತೇನೆ. ಮಕ್ಕಳು ನಮ್ಮಲ್ಲಿಗೆ ಬಂದ ಮೇಲೆ ಎಲ್ಲರಿಗೂ ನೆನಪಾಗುವುದು ಎಸ್‌ಎಸ್‌ಎಲ್‌ಸಿ ರಿಯಾಯಿತಿ, ಅದೂ ನೋಂದಣಿಯ ಕೊನೆಯ ವಾರದಲ್ಲಿ. ಯುಡಿಐಡಿ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬೇಕು, 2021ರ ಜೂನ್‌ನಿಂದ ಪ್ರಮಾಣಪತ್ರ ಸಿಗುವುದು ಆ ಪೋರ್ಟಲ್ ಮೂಲಕವೇ. ಅರ್ಜಿಯ ನಂತರ ವೈದ್ಯಕೀಯ ತಪಾಸಣೆಯ ಸರದಿ ಬರುವವರೆಗೆ ಕಾಯಬೇಕು. ಆದ್ದರಿಂದ ಎಂಟನೆಯ ತರಗತಿಯಲ್ಲೇ ಶುರು ಮಾಡಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ. ಈ ಚರ್ಚೆಯಲ್ಲಿ ಇದುವರೆಗೆ ಅವರ ಹೆಸರೇ ಬಂದಿಲ್ಲ, ಆದರೆ ಮನೆಮನೆಯ ಮಕ್ಕಳು ಅವರಿಗೆ ಗೊತ್ತು. ಶಾಲೆಗೆ ಬರಲಾಗದ ಮಗುವಿದ್ದರೆ ಗೃಹಾಧಾರಿತ ಶಿಕ್ಷಣಕ್ಕೂ ಅವರೇ ಮೊದಲ ಸುಳಿವು ಕೊಡುವವರು.

ಬರಹಗಾರರ ಸೌಲಭ್ಯ, ಅಂದರೆ ವಿದ್ಯಾರ್ಥಿ ಹೇಳಿದ ಉತ್ತರವನ್ನು ಇನ್ನೊಬ್ಬರು ಬರೆದುಕೊಡುವ ಅನುಕೂಲ, ಸಿಕ್ಕರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಕಳೆದ ಸಲ ನಮ್ಮ ಒಬ್ಬ ವಿದ್ಯಾರ್ಥಿಗೆ ಬರಹಗಾರನೂ ಸಿಕ್ಕ, ಹೆಚ್ಚುವರಿ ಸಮಯವೂ ಸಿಕ್ಕಿತು. ಆದರೆ ಅವನು ಅದುವರೆಗೆ ಒಂದೂ ಉತ್ತರವನ್ನು ಇನ್ನೊಬ್ಬರಿಗೆ ಹೇಳಿ ಬರೆಸಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನು ಬಾಯಿಬಿಟ್ಟದ್ದು ಒಂದು ವಾಕ್ಯ, ಬರಹಗಾರ ಹುಡುಗ ಅದನ್ನು ಬರೆದು ಮುಗಿಸುವಷ್ಟರಲ್ಲಿ ಇವನಿಗೆ ಮುಂದಿನದು ಮರೆತುಹೋಯಿತು. ಆಮೇಲೆ ಮೂರು ತಿಂಗಳು ವಾರಕ್ಕೊಮ್ಮೆ ಅಭ್ಯಾಸ ಮಾಡಿಸಿದೆವು. ಅರ್ಧ ವಾಕ್ಯ ಹೇಳುವುದು, ನಿಲ್ಲುವುದು, 'ಹೊಸ ಸಾಲು' ಎನ್ನುವುದು, ಬರೆದದ್ದನ್ನು ಓದಿಸಿ ಕೇಳುವುದು. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಆ ಸಮಯವನ್ನು ಬಳಸುವುದೂ ಕಲಿಸಬೇಕಾದ ವಿದ್ಯೆಯೇ. ನಿಮ್ಮ ಹುಡುಗ ಐದನೆಯ ತರಗತಿಯಲ್ಲಿದ್ದಾನೆ, ಕಿರು ಪರೀಕ್ಷೆಗಳಲ್ಲಿ ಈಗಿನಿಂದಲೇ ಒಂದೆರಡು ಉತ್ತರಗಳನ್ನು ಹೇಳಿ ಬರೆಸುವ ರೂಢಿ ಮಾಡಿಸಬಹುದು.

ಪ್ರಶ್ನೆ ಕೇಳಿದವರಿಂದ: ಸಹಶಿಕ್ಷಕಿ, ಸವಣೂರು ತಾಲ್ಲೂಕು

ನಾಲ್ವರಿಗೂ ವಂದನೆಗಳು. ಎರಡು ವಾರದ ಸಮಾಚಾರ ತಿಳಿಸುತ್ತೇನೆ. ಮುಖ್ಯ ಶಿಕ್ಷಕರು ಆದೇಶ ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರೆ, ಆದರೆ ಬಿಡುವು ಸಿಕ್ಕಿದ್ದು ಎರಡು ಅವಧಿಯಲ್ಲ, ಒಂದೇ. ಶ್ರವಣ ಸಾಧನದ ಕೊಳವೆ ನೀವು ಹೇಳಿದಂತೆಯೇ ಗಟ್ಟಿಯಾಗಿ, ಬಾಗಿಸಿದರೆ ಮುರಿಯುವಂತಿತ್ತು. ಹೊಸ ಅಚ್ಚಿಗೆ ಕಿವಿಯ ಅಳತೆ ಕೊಡಿಸಿದ್ದೇವೆ. ಅಲ್ಲಿಯವರೆಗೆ ಅವಳನ್ನು ಕಿಟಕಿ ಅವಳ ಬೆನ್ನಿಗೆ ಬರುವಂತೆ ಕೂರಿಸಿದ್ದೇನೆ. ನಾನು ಕಿಟಕಿಗೆ ಬೆನ್ನು ಮಾಡಿ ನಿಂತಾಗ ಮುಖ ನೆರಳಾಗಿ ನನ್ನ ತುಟಿ ಅವಳಿಗೆ ಕಾಣುತ್ತಿರಲಿಲ್ಲವೆಂದು ಅವಳೇ ತೋರಿಸಿಕೊಟ್ಟಳು. ಹನ್ನೊಂದು ವರ್ಷ ನಾನು ಅಲ್ಲಿಯೇ ನಿಂತು ಪಾಠ ಮಾಡಿದ್ದೆ.

ಹುಡುಗನ ತಂದೆ ಸಂತೆಯ ದಿನ, ಖಾಲಿ ಚೀಲಗಳನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. ಲೆಕ್ಕದ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹಿಂಗ ಇದ್ದೆನ್ರೀ, ಬಡಿತ ತಿಂದು ನಾಕನೇ ಕ್ಲಾಸಿಗೆ ಸಾಲಿ ಬಿಟ್ಟೆ" ಎಂದರು. ಪುಟದ ಹಿಂಬದಿಯಲ್ಲಿ ಆ ಮಾತನ್ನೂ ಅವರ ಒಪ್ಪಿಗೆಯಿಂದ ಬರೆದುಕೊಂಡಿದ್ದೇನೆ. ಮುಂದಿನ ತಿಂಗಳು ಸಂಪನ್ಮೂಲ ಶಿಕ್ಷಕರು ಬರುವ ದಿನ ಗೊತ್ತಾಗಿದೆ, ಅಂದು ಯಾವ ಕಿರು ಪರೀಕ್ಷೆಯೂ ಇಲ್ಲದಂತೆ ನೋಡಿಕೊಂಡಿದ್ದೇನೆ.